ಐವತ್ತೆಂಟರ ವಿದ್ಯಾರ್ಥಿನಿ



ಈ ತಿಂಗಳ ಅಂಕಣಕ್ಕೆ ಬೇರೊಂದು ವಿಷಯವನ್ನು ಆಯ್ದುಕೊಂಡು ಟಿಪ್ಪಣಿಗಳನ್ನೂ ಸಿದ್ಧಪಡಿಸಿಕೊಂಡಿದ್ದೆ. ಅಷ್ಟರಲ್ಲಿ ಉತ್ತರ ಕರ್ನಾಟಕದ ತಾಲ್ಲೂಕು ಸ್ಥಳವೊಂದರಿಂದ ಓದುಗ ಸಹೋದರಿಯೊಬ್ಬರ ಪತ್ರ ಬಂದಿತು. ಗೆರೆ ಹಾಕಿದ ನೋಟುಬುಕ್ಕಿನ ನಾಲ್ಕು ಹಾಳೆಗಳು, ದುಂಡಗಿನ ಅಕ್ಷರ, ಎಲ್ಲಿಯೂ ಹೊಡೆದುಹಾಕಿದ ಗುರುತಿಲ್ಲ. ಮೊದಲು ಬೇರೆಡೆ ಬರೆದು, ತಿದ್ದಿ, ಅನಂತರ ಶುದ್ಧಪ್ರತಿ ಮಾಡಿ ಕಳುಹಿಸಿದ್ದಾರೆಂಬುದು ನೋಡಿದೊಡನೆಯೇ ತಿಳಿಯುತ್ತದೆ. ಓದಿದ ಮೇಲೆ ನನ್ನ ಟಿಪ್ಪಣಿಗಳನ್ನು ಪಕ್ಕಕ್ಕಿಟ್ಟೆ.

ಆ ತಾಯಿಗೆ ಈಗ ಐವತ್ತೆಂಟು ವರ್ಷ. ಎಸ್.ಎಸ್.ಎಲ್.ಸಿ. ಪರೀಕ್ಷೆ ಬರೆದ ಬೇಸಿಗೆಯಲ್ಲಿಯೇ ಅವರ ವಿವಾಹವಾಯಿತು. ಇತಿಹಾಸದಲ್ಲಿ ಇಡೀ ಶಾಲೆಗೇ ಹೆಚ್ಚಿನ ಅಂಕಗಳು ಬಂದಿದ್ದವೆಂಬ ಸುದ್ದಿ ತಲುಪುವ ವೇಳೆಗೆ ಅವರು ಅತ್ತೆಯ ಮನೆಯಲ್ಲಿದ್ದರು. ಮೂವರು ಮಕ್ಕಳು ಓದಿ ನೆಲೆಯಾದರು. ಎರಡು ವರ್ಷಗಳ ಹಿಂದೆ ಅವರ ಯಜಮಾನರು ಲಿಂಗೈಕ್ಯರಾದರು. ಮನೆಯಲ್ಲಿ ಈಗ ಅವರೊಡನೆ ಭಾವನವರ ಸಂಸಾರವಿದೆ. ಬೆಂಗಳೂರಿನಲ್ಲಿರುವ ಹಿರಿಯ ಸೊಸೆ ಹಬ್ಬಕ್ಕೆ ಬಂದಾಗ ಅತ್ತೆಯವರ ಮೊಬೈಲಿನಲ್ಲಿ ಪ್ರಾಚೀನ ಭಾರತದ ಇತಿಹಾಸವನ್ನು ಕುರಿತ ಆರು ವಾರಗಳ ಅಂತರ್ಜಾಲ ಪಾಠಮಾಲೆಯೊಂದಕ್ಕೆ ಅವರ ಹೆಸರನ್ನು ನೋಂದಾಯಿಸಿಕೊಟ್ಟು ಹೋದಳು. ಮಧ್ಯಾಹ್ನ ಮೂರು ಗಂಟೆಗೆ ಮಹಡಿಯ ಕೋಣೆಯಲ್ಲಿ ಕುಳಿತು ಇವರು ಪಾಠ ಕೇಳತೊಡಗಿದರು. ಇಂಗ್ಲಿಷಿನ ಪಾಠ, ಅರ್ಧ ತಿಳಿಯುವುದು, ಅರ್ಧ ತಿಳಿಯದು. ತಿಳಿಯದುದನ್ನು ಬರೆದಿಟ್ಟುಕೊಂಡು ರಾತ್ರಿ ಸೊಸೆಗೆ ಫೋನು ಮಾಡಿ ಕೇಳುವರು. ಹೀಗೆ ಎರಡು ವಾರ ನಡೆಯಿತು. ಮೂರನೆಯ ವಾರ ಒಂದು ದಿನ ಚಹಾ ತಡವಾದಾಗ ಭಾವನವರು ಮೆಟ್ಟಿಲ ಬುಡದಲ್ಲಿ ನಿಂತು, ಎಲ್ಲರಿಗೂ ಕೇಳುವಂತೆ, "ಈ ವಯಸ್ಸಿನ್ಯಾಗ ಪರೀಕ್ಷಾ ಕಟ್ಟಿ ಏನು ನೌಕರಿ ಮಾಡಾಕೇನು?" ಎಂದರಂತೆ. ಹಾಸ್ಯಕ್ಕೆ ಅಂದದ್ದೇ ಇರಬಹುದು. ಮನೆಯವರೆಲ್ಲ ನಕ್ಕರು, ತಾವೂ ನಕ್ಕೆನೆಂದು ಅವರು ಬರೆದಿದ್ದಾರೆ. ಮರುದಿನದಿಂದ ಮಹಡಿ ಹತ್ತಲಿಲ್ಲ.

ಪತ್ರದಲ್ಲಿ ದೂರು ಇಲ್ಲ, ಪ್ರಶ್ನೆಯಿದೆ. "ಈ ವೇಳೆಯನ್ನು ಲಿಂಗಪೂಜೆಗೂ ಭಜನೆಗೂ ಕೊಡಬೇಕಾದ ವಯಸ್ಸಿನಲ್ಲಿ ನಾನು ಮೌರ್ಯರನ್ನೂ ಗುಪ್ತರನ್ನೂ ಓದಹೊರಟದ್ದು ತಪ್ಪೇ? ತಾವು ಹಿರಿಯರು, ಹೇಳಬೇಕು" ಎಂದು ಕೇಳಿದ್ದಾರೆ.

ತಪ್ಪಲ್ಲ, ತಾಯಿ. ಆದರೆ ಅಷ್ಟು ಹೇಳಿ ಮುಗಿಸಿದರೆ ನಿಮ್ಮ ಭಾವನವರಿಗೆ ಉತ್ತರ ಕೊಟ್ಟಂತಾಗುವುದಿಲ್ಲ. ಅವರ ಮಾತು ಒಬ್ಬರ ಮಾತಲ್ಲ. ನಮ್ಮ ಸಮಾಜದ ಬಹುತೇಕ ಮನೆಗಳಲ್ಲಿ ಕೇಳಿಬರುವ ಮಾತು. ಅದು ಹುಟ್ಟಿದ್ದಕ್ಕೂ ಕಾರಣವಿದೆ.

ಒಂದು ಶತಮಾನದ ಹಿಂದೆ ನಮ್ಮ ಹಿರಿಯರು ವಿದ್ಯೆಗಾಗಿ ಪಟ್ಟ ಪಾಡನ್ನು ಈ ಪತ್ರಿಕೆಯ ಓದುಗರಿಗೆ ಮತ್ತೆ ವಿವರಿಸಬೇಕಾಗಿಲ್ಲ. ಬಾಗಲಕೋಟೆಯ ಬಸವೇಶ್ವರ ವಿದ್ಯಾವರ್ಧಕ ಸಂಘ 1906ರಲ್ಲಿ, ವಿಜಯಪುರದ ಬಿ.ಎಲ್.ಡಿ.ಇ. ಸಂಸ್ಥೆ 1910ರಲ್ಲಿ, ಬೆಳಗಾವಿಯ ಕೆ.ಎಲ್.ಇ. ಸಂಸ್ಥೆ 1916ರಲ್ಲಿ ಹುಟ್ಟಿಕೊಂಡವು. ಮಠಮಠಗಳಲ್ಲಿ ಉಚಿತ ಪ್ರಸಾದನಿಲಯಗಳು ಎದ್ದವು. ಹಳ್ಳಿಯಿಂದ ಬರಿಗೈಯಲ್ಲಿ ಬಂದ ಹುಡುಗ ಓದಿ ಮಾಸ್ತರನಾದ, ವಕೀಲನಾದ, ವೈದ್ಯನಾದ. ಬಡತನದಿಂದ ಮೇಲೇಳಲು ನೌಕರಿಯೊಂದೇ ಏಣಿಯಾಗಿದ್ದ ಕಾಲದಲ್ಲಿ, ವಿದ್ಯೆಯೆಂದರೆ ಪರೀಕ್ಷೆ, ಪರೀಕ್ಷೆಯೆಂದರೆ ನೌಕರಿ ಎಂದು ನಮ್ಮ ಮನೆಗಳು ನಂಬಿದ್ದು ಸಹಜವೇ ಆಗಿತ್ತು. ಆ ನಂಬಿಕೆಯಿಂದಲೇ ನಾವೆಲ್ಲ ಇಲ್ಲಿಯವರೆಗೆ ಬಂದಿದ್ದೇವೆ. ಆದರೆ ಅದೇ ನಂಬಿಕೆಯಿಂದ, ನೌಕರಿಯ ವಯಸ್ಸು ಕಳೆದವರಿಗೆ ವಿದ್ಯೆ ಬೇಕಿಲ್ಲವೆಂಬ ಭಾವನೆಯೂ ನಮಗರಿಯದಂತೆಯೇ ಬೇರೂರಿತು. ಹೊಲದಲ್ಲಿ, ಅಂಗಡಿಯಲ್ಲಿ, ಅಡುಗೆಮನೆಯಲ್ಲಿ ದುಡಿದು ಮಕ್ಕಳನ್ನು ಓದಿಸಿದವರು ತಮ್ಮ ಓದನ್ನು ನಿಲ್ಲಿಸಿದ ಜಾಗದಲ್ಲಿಯೇ ಉಳಿದರು.

ಕಲ್ಯಾಣದ ಗೋಷ್ಠಿಯನ್ನು ಒಮ್ಮೆ ಕಣ್ಣಮುಂದೆ ತಂದುಕೊಳ್ಳಿ. ಅಲ್ಲಿ ಕುಳಿತವರು ಮಕ್ಕಳಲ್ಲ. ಅಂಬಿಗರ ಚೌಡಯ್ಯನವರು ದೋಣಿ ನಡೆಸಿ ಬಂದವರು. ಮಡಿವಾಳ ಮಾಚಯ್ಯನವರು ಬಟ್ಟೆಯ ಕಾಯಕದವರು. ನುಲಿಯ ಚಂದಯ್ಯನವರು ಹಗ್ಗ ಹೊಸೆಯುತ್ತಿದ್ದವರು. ಮೋಳಿಗೆಯ ಮಾರಯ್ಯನವರು ಕಟ್ಟಿಗೆಯ ಹೊರೆ ಹೊತ್ತವರು. ಆಯ್ದಕ್ಕಿ ಲಕ್ಕಮ್ಮನವರು ಸಂಸಾರವಂದಿಗರು. ಬೆಳೆದ, ದುಡಿದ, ಬದುಕಿನ ಭಾರ ಹೊತ್ತ ಜನ ಒಂದೆಡೆ ಸೇರಿ ಪ್ರಶ್ನೆ ಕೇಳಿ ಉತ್ತರ ಪಡೆದರು, ಉತ್ತರವನ್ನೂ ಪ್ರಶ್ನಿಸಿದರು. ಹದಿನೈದನೆಯ ಶತಮಾನದಲ್ಲಿ ಸಂಕಲನಗೊಂಡ ಶೂನ್ಯಸಂಪಾದನೆಗಳು ಆದಿಯಿಂದ ಅಂತ್ಯದವರೆಗೆ ಸಂವಾದವೇ ಆಗಿವೆ. ಇಂದು ವಿದೇಶಗಳಲ್ಲಿ 'ವಯಸ್ಕರ ಶಿಕ್ಷಣ' ಎಂದು ಕರೆಯುವುದು ಅಕ್ಷರಾಭ್ಯಾಸವನ್ನಷ್ಟೇ ಅಲ್ಲ. ಬೆಳೆದವರು ಲಾಭದ ಲೆಕ್ಕವಿಲ್ಲದೆ ಅರಿವಿಗಾಗಿ ಕಲಿಯುವುದನ್ನು. ಆ ಅರ್ಥದಲ್ಲಿ ನಮ್ಮ ಪರಂಪರೆ ಹೊರಟದ್ದೇ ವಯಸ್ಕರ ಕಲಿಕೆಯಿಂದ ಎಂದು ಹೇಳಲು ನನಗೆ ಸಂಕೋಚವಿಲ್ಲ.

ಸಮೀಪದ ಉದಾಹರಣೆಯೂ ಇದೆ. ಪೂಜ್ಯ ಫ.ಗು. ಹಳಕಟ್ಟಿಯವರು ವೃತ್ತಿಯಿಂದ ವಕೀಲರು. ವಚನಗಳನ್ನು ಕುರಿತು ಅವರಿಗೆ ಯಾವ ಕಾಲೇಜಿನಲ್ಲಿಯೂ ಪಾಠವಾಗಿರಲಿಲ್ಲ. ಅಂಥ ಪಾಠವೇ ಆಗ ಇರಲಿಲ್ಲ. ತಾಳೆಗರಿಗಳನ್ನು ಹುಡುಕುತ್ತ ಊರೂರು ತಿರುಗಿ, ಹಳೆಯ ಲಿಪಿಯನ್ನು ತಾವೇ ಓದಿಕೊಂಡು, 1923ರಲ್ಲಿ 'ವಚನಶಾಸ್ತ್ರಸಾರ'ದ ಮೊದಲ ಭಾಗವನ್ನು ಹೊರತಂದಾಗ ಅವರಿಗೆ ನಲವತ್ತು ದಾಟಿತ್ತು. 1926ರಲ್ಲಿ 'ಶಿವಾನುಭವ' ಪತ್ರಿಕೆಯನ್ನು ಆರಂಭಿಸಿದರು. ಮುದ್ರಣಯಂತ್ರಕ್ಕಾಗಿ ಮನೆಯನ್ನೇ ಮಾರಿದ ಸಂಗತಿ ಎಲ್ಲರೂ ಬಲ್ಲದ್ದು. ಅವರ ಕಕ್ಷಿದಾರರಲ್ಲಿ ಯಾರಾದರೂ "ವಕೀಲರೇ, ಈ ಗರಿಗಳನ್ನು ಓದಿ ಏನು ಸಂಪಾದನೆ?" ಎಂದು ಕೇಳಿರದೆ ಇರಲಾರರು.

ಹೊರನಾಡುಗಳಲ್ಲಿ ಇದೇ ವಿಚಾರ ಬೇರೆ ಬೇರೆ ರೂಪ ತಾಳಿತು. ಡೆನ್ಮಾರ್ಕಿನ ಗ್ರುಂಡ್ಟ್ವಿಗ್ ಎಂಬ ಪಾದ್ರಿ ಹಾಗೂ ಕವಿ, ರೈತರ ಪ್ರಾಯದ ಮಕ್ಕಳು ಪರೀಕ್ಷೆಯ ಭಯವಿಲ್ಲದೆ ತಮ್ಮ ನಾಡಿನ ಚರಿತ್ರೆ, ಭಾಷೆ, ಹಾಡುಗಳನ್ನು ಕಲಿಯಬೇಕೆಂದು ವಾದಿಸಿದನು. ಅವನ ವಿಚಾರದಂತೆ 1844ರಲ್ಲಿ ರೊಡಿಂಗ್ ಎಂಬಲ್ಲಿ ಮೊದಲ ಜನತಾ ಪ್ರೌಢಶಾಲೆ ತೆರೆಯಿತು. ಈ ಡೆನ್ಮಾರ್ಕಿನ ಬೀಜ ನಮ್ಮ ಕಾವೇರಿ ಸೀಮೆಗೂ ಬಂದಿತ್ತೆಂಬುದನ್ನು ಹೆಚ್ಚಿನವರು ಮರೆತಿದ್ದಾರೆ. 1940ರ ದಶಕದಲ್ಲಿ ಕಾರ್ಯಾರಂಭ ಮಾಡಿದ ಮೈಸೂರು ರಾಜ್ಯ ವಯಸ್ಕರ ಶಿಕ್ಷಣ ಸಮಿತಿಯು ಅದೇ ಮಾದರಿಯಲ್ಲಿ ವಿದ್ಯಾಪೀಠಗಳನ್ನು ಸ್ಥಾಪಿಸಿತು. ಮೊದಲನೆಯದು 1947ರಲ್ಲಿ ನಂಜನಗೂಡಿನಲ್ಲಿ ಆರಂಭವಾಯಿತು. ಹಳ್ಳಿಯ ತರುಣರು ಕೆಲವು ತಿಂಗಳು ಅಲ್ಲಿಯೇ ವಾಸವಿದ್ದು ಬೇಸಾಯದೊಡನೆ ಚರಿತ್ರೆ, ಪೌರನೀತಿ, ನಾಟಕ, ಹಾಡುಗಳನ್ನು ಕಲಿತು ಊರಿಗೆ ಮರಳುತ್ತಿದ್ದರು. ಸಮಿತಿಯ 'ಬೆಳಕು' ಎಂಬ ವಾರಪತ್ರಿಕೆಯನ್ನು ಓದಿದ ನೆನಪು ಇಂದಿಗೂ ಕೆಲವು ಹಿರಿಯರಿಗೆ ಇದ್ದೀತು.

ಇಂಗ್ಲೆಂಡಿನಲ್ಲಿ ಮುಕ್ತ ವಿಶ್ವವಿದ್ಯಾನಿಲಯಕ್ಕೆ 1969ರಲ್ಲಿ ರಾಜಸನ್ನದು ದೊರೆಯಿತು. ಅದನ್ನು ಹಟ ಹಿಡಿದು ಸಾಧಿಸಿದವರು ಗಣಿಕಾರ್ಮಿಕನ ಮಗಳಾದ ಸಚಿವೆ ಜೆನ್ನಿ ಲೀ. ಪ್ರವೇಶಕ್ಕೆ ಯಾವ ಹಿಂದಿನ ಪರೀಕ್ಷೆಯೂ ಬೇಡವೆಂದದ್ದೇ ಅದರ ಕ್ರಾಂತಿ. 1971ರ ಜನವರಿಯಲ್ಲಿ 24,000ಕ್ಕೂ ಹೆಚ್ಚು ಮಂದಿ ಮೊದಲ ತಂಡವಾಗಿ ಸೇರಿದರು. ಬಿ.ಬಿ.ಸಿ. ದೂರದರ್ಶನದಲ್ಲಿ ನಸುಕಿನಲ್ಲಿಯೂ ತಡರಾತ್ರಿಯಲ್ಲಿಯೂ ಪಾಠಗಳು ಪ್ರಸಾರವಾಗುತ್ತಿದ್ದವು. 2006ರವರೆಗೂ ಆ ಪ್ರಸಾರ ನಡೆಯಿತು. ನಮ್ಮ ದೇಶದಲ್ಲಿ 1982ರಲ್ಲಿ ಹೈದರಾಬಾದಿನಲ್ಲಿ, 1985ರಲ್ಲಿ ದೆಹಲಿಯಲ್ಲಿ, 1996ರಲ್ಲಿ ನಮ್ಮ ಮೈಸೂರಿನಲ್ಲಿ ಮುಕ್ತ ವಿಶ್ವವಿದ್ಯಾನಿಲಯಗಳು ಬಂದವು. ಇವುಗಳಿಂದಾದ ಉಪಕಾರ ದೊಡ್ಡದು. ಆದರೆ ಇಲ್ಲಿಯೂ ಲಕ್ಷ್ಯವೆಲ್ಲ ಪದವಿಯ ಮೇಲೆಯೇ.

ಪದವಿಯನ್ನೇ ಬಿಟ್ಟುಕೊಟ್ಟ ಪ್ರಯೋಗವೊಂದಿದೆ. ನಮ್ಮ ಸಹೋದರಿಗೆ ನಾನು ವಿಶೇಷವಾಗಿ ಹೇಳಬೇಕೆಂದಿರುವುದು ಅದನ್ನೇ. ಫ್ರಾನ್ಸಿನ ತುಲೂಸ್ ನಗರದಲ್ಲಿ 1973ರಲ್ಲಿ ಪಿಯೆರ್ ವೆಲ್ಲಾಸ್ ಎಂಬ ಪ್ರಾಧ್ಯಾಪಕರು ವೃದ್ಧರಿಗಾಗಿ ವಿಶ್ವವಿದ್ಯಾನಿಲಯದ ಬಾಗಿಲು ತೆರೆದು, ಅದನ್ನು 'ಮೂರನೆಯ ವಯಸ್ಸಿನ ವಿಶ್ವವಿದ್ಯಾನಿಲಯ' ಎಂದು ಕರೆದರು. ಕಲಿಯುವ ವಯಸ್ಸು ಮೊದಲನೆಯದು, ದುಡಿಯುವ ಹಾಗೂ ಮಕ್ಕಳನ್ನು ಸಾಕುವ ವಯಸ್ಸು ಎರಡನೆಯದು, ಆ ಹೊಣೆಗಳು ಇಳಿದು ದೇಹದಲ್ಲಿ ಇನ್ನೂ ತ್ರಾಣವಿರುವ ವಯಸ್ಸು ಮೂರನೆಯದು. ಈ ವಿಚಾರ 1981-82ರಲ್ಲಿ ಕೇಂಬ್ರಿಜ್ಜಿಗೆ ಬಂದಾಗ ಇತಿಹಾಸಕಾರ ಪೀಟರ್ ಲಾಸ್ಲೆಟ್ ಮತ್ತು ಅವರ ಗೆಳೆಯರು ಅದಕ್ಕೆ ಬೇರೊಂದು ತಿರುವು ಕೊಟ್ಟರು. ಪ್ರಾಧ್ಯಾಪಕರೂ ಬೇಡ, ಪ್ರಮಾಣಪತ್ರವೂ ಬೇಡ. ಒಬ್ಬ ನಿವೃತ್ತ ತೋಟಗಾರ ಗಿಡಗಳನ್ನು ಕುರಿತು ಹೇಳಲಿ, ಸಂಗೀತ ಬಲ್ಲವರು ಸಂಗೀತ ಹೇಳಲಿ, ಕಲಿಯುವವರೇ ಕಲಿಸುವವರೂ ಆಗಲಿ ಎಂದರು. ಯಾರದೋ ಮನೆಯ ಪಡಸಾಲೆಯಲ್ಲಿ ಎಂಟು ಹತ್ತು ಜನ ಸೇರುವ ಇಂಥ ಕೂಟಗಳು ಅಲ್ಲಿ ಊರೂರಿಗೆ ಹಬ್ಬಿದವು. 2020ರ ಕೊರೊನಾ ದಿನಗಳಲ್ಲಿ ಹೊರಗೆ ಬರಲಾಗದೆ ಮನೆಯಲ್ಲಿ ಉಳಿದ ಆ ವೃದ್ಧರು ಗಣಕಯಂತ್ರದ ಪರದೆಯ ಮೇಲೆಯೇ ಕೂಡಿಕೊಂಡು ತಮ್ಮ ಪಾಠ ನಿಲ್ಲದಂತೆ ನೋಡಿಕೊಂಡರು. ಈ ಪದ್ಧತಿಯನ್ನು ಓದಿದಾಗ ನನಗೆ ನೆನಪಾದದ್ದು ನಮ್ಮ ಊರುಗಳ ಅಕ್ಕನ ಬಳಗಗಳು. ಆ ಮಾತಿಗೆ ಮುಂದೆ ಬರುತ್ತೇನೆ.

ಈಗ ಮೊಬೈಲಿನ ವಿಚಾರ. ಇದಕ್ಕೆ ಕೆಲವರು 'ಜಂಗಮವಾಣಿ' ಎಂಬ ಕನ್ನಡದ ಹೆಸರಿಟ್ಟಿದ್ದಾರೆ. ಅದರಲ್ಲಿ ಬರುವ ಎಲ್ಲವೂ ಜಂಗಮರ ವಾಣಿಯಲ್ಲವೆಂಬುದು ಬೇರೆ ಮಾತು. ಆದರೆ ಮನೆಬಾಗಿಲಿಗೆ ಬಂದು ಅರಿವು ಹಂಚುವ ಜಂಗಮದ ಕೆಲಸವನ್ನು ಅದರಿಂದ ಮಾಡಿಸಿಕೊಳ್ಳಬಹುದು. ಇಂಗ್ಲೆಂಡಿನ ಮುಕ್ತ ವಿಶ್ವವಿದ್ಯಾನಿಲಯ 2006ರಿಂದ 'ಓಪನ್‌ಲರ್ನ್' ಎಂಬ ಹೆಸರಿನಲ್ಲಿ ಸಾವಿರಾರು ಗಂಟೆಗಳ ಪಾಠಸಾಮಗ್ರಿಯನ್ನು ಶುಲ್ಕವಿಲ್ಲದೆ ಕೊಡುತ್ತಿದೆ. ಲಂಡನ್ನಿನ ಗ್ರೆಷಮ್ ಕಾಲೇಜು 1597ರಿಂದ ಜನಸಾಮಾನ್ಯರಿಗೆ ಉಚಿತ ಉಪನ್ಯಾಸ ಏರ್ಪಡಿಸುತ್ತ ಬಂದಿದೆ. ಆ ಉಪನ್ಯಾಸಗಳು ಈಗ ಅಂತರ್ಜಾಲದಲ್ಲಿ ಎಲ್ಲರಿಗೂ ಲಭ್ಯ. ನಮ್ಮ ಕೇಂದ್ರ ಸರ್ಕಾರದ 'ಸ್ವಯಂ' 2017ರಲ್ಲಿ ಆರಂಭವಾಯಿತು. ಅಲ್ಲಿ ಪಾಠ ಉಚಿತ, ಪರೀಕ್ಷೆ ಬೇಕೆನ್ನುವವರಿಗೆ ಮಾತ್ರ ಶುಲ್ಕ.

ಏನನ್ನು ಕಲಿಯಬೇಕು? ಇತಿಹಾಸವನ್ನೇ ತೆಗೆದುಕೊಳ್ಳೋಣ. ಅಪ್ಪ ಬಸವಣ್ಣನವರ ಚರಿತ್ರೆಯನ್ನು ನಾವು ಪುರಾಣಪ್ರವಚನಗಳಲ್ಲಿ ಕೇಳಿದ್ದೇವೆ. ಭೀಮಕವಿಯ ಕನ್ನಡ ಬಸವಪುರಾಣ ಮುಗಿದದ್ದು 1369ರಲ್ಲಿ. ಅದಕ್ಕೂ ನೂರು ವರ್ಷ ಮೊದಲು, 1260ರಲ್ಲಿ, ಈಗಿನ ಬೆಳಗಾವಿ ಜಿಲ್ಲೆಯ ಹುಕ್ಕೇರಿ ತಾಲ್ಲೂಕಿನ ಅರ್ಜುನವಾಡದಲ್ಲಿ ಶಿಲಾಶಾಸನವೊಂದನ್ನು ಕಡೆದು ನಿಲ್ಲಿಸಿದರು. ಅದರಲ್ಲಿ ಬಸವಣ್ಣನವರ ಮತ್ತು ಅವರ ವಂಶದ ಉಲ್ಲೇಖವಿದೆ. ಕಲ್ಯಾಣದ ಘಟನೆಗಳು ನಡೆದು ನೂರು ವರ್ಷ ತುಂಬುವ ಮೊದಲೇ ಕಲ್ಲಿನಲ್ಲಿ ಮೂಡಿದ ಸಾಕ್ಷ್ಯವದು. ಶಾಸನ ಏನು ಹೇಳುತ್ತದೆ, ಪುರಾಣ ಏನು ಹೇಳುತ್ತದೆ, ಎರಡೂ ಎಲ್ಲಿ ಕೂಡುತ್ತವೆ, ಎಲ್ಲಿ ಬೇರೆಯಾಗುತ್ತವೆ, ಕವಿ ಯಾರಿಗಾಗಿ ಬರೆದ, ಶಾಸನ ಯಾರು ಹಾಕಿಸಿದರು — ಹೀಗೆ ಕೇಳುವುದನ್ನು ಇತಿಹಾಸದ ಒಳ್ಳೆಯ ಪಾಠ ಕಲಿಸುತ್ತದೆ. ಪಾಠ ಮೌರ್ಯರದೇ ಇರಲಿ, ರೋಮಿನದೇ ಇರಲಿ, ಕೇಳುವ ಕ್ರಮ ಒಂದೇ. ಆ ಕ್ರಮವನ್ನು ಕಲಿತವರು ತಮ್ಮೂರ ಗುಡಿಯ ಪಕ್ಕದಲ್ಲಿ ಅರ್ಧ ಹೂತುಹೋಗಿರುವ ವೀರಗಲ್ಲನ್ನು ಬಟ್ಟೆ ಒಗೆಯುವ ಕಲ್ಲೆಂದು ಬಿಡುವುದಿಲ್ಲ. ಇದರಿಂದ ಭಕ್ತಿಗೆ ಕುಂದಾಗುವುದೆಂದು ಅಂಜುವವರಿದ್ದಾರೆ. ಕಲ್ಲಿನಲ್ಲಿ ಗುರುವಿನ ಹೆಸರು ಕಂಡಾಗ ಭಕ್ತಿ ಕುಂದಿದ್ದನ್ನು ನಾನು ನೋಡಿಲ್ಲ.

ವಚನಗಳ ಓದಿಗೂ ಈ ಯಂತ್ರ ಒದಗಿದೆ. 1993ರಲ್ಲಿ ಕರ್ನಾಟಕ ಸರ್ಕಾರ 15 ಸಂಪುಟಗಳಲ್ಲಿ ಸಮಗ್ರ ವಚನ ಸಾಹಿತ್ಯವನ್ನು ಪ್ರಕಟಿಸಿತು. ಈಗ ಇಪ್ಪತ್ತು ಸಾವಿರಕ್ಕೂ ಮಿಕ್ಕಿದ ವಚನಗಳನ್ನು 'ವಚನ ಸಂಚಯ' ಎಂಬ ಅಂತರ್ಜಾಲ ತಾಣದಲ್ಲಿ ಪದ ಹಿಡಿದು ಹುಡುಕಬಹುದು. 'ಕನ್ನಡಿ' ಎಂಬ ಪದವನ್ನು ಯಾವ ಯಾವ ಶರಣರು ಯಾವ ಅರ್ಥದಲ್ಲಿ ಬಳಸಿದ್ದಾರೆ ಎಂದು ನೋಡುತ್ತ ಒಂದು ಸಂಜೆ ಕುಳಿತೆ. ಊಟಕ್ಕೆ ಮೂರು ಸಲ ಕರೆಸಿಕೊಂಡು ಎದ್ದೆ.

ಕಲೆಯ ಮಾತಿಗೆ ಬಂದರೆ 'ಸ್ಮಾರ್ಟ್‌ಹಿಸ್ಟರಿ' ಎಂಬ ಉಚಿತ ಪಾಠಮಾಲೆಯ ಕ್ರಮ ನನಗೆ ಹಿಡಿಸಿತು. ಕಲಾ ಇತಿಹಾಸದ ಇಬ್ಬರು ಅಧ್ಯಾಪಕರು 2005ರಲ್ಲಿ ಆರಂಭಿಸಿದ್ದು. ಒಂದು ಶಿಲ್ಪ ಅಥವಾ ಚಿತ್ರದ ಮುಂದೆ ನಿಂತ ಇಬ್ಬರು ತಮಗೆ ಕಂಡದ್ದನ್ನು ಮಾತನಾಡಿಕೊಳ್ಳುತ್ತಾರೆ. ಏಳೆಂಟು ನಿಮಿಷದಲ್ಲಿ ಮುಗಿಯುತ್ತದೆ. ಅದನ್ನು ನಾಲ್ಕು ಸಲ ಕೇಳಿದವರು ಐಹೊಳೆ ಪಟ್ಟದಕಲ್ಲುಗಳಿಗೆ ಹೋದಾಗ ಬಸ್ಸಿನ ವೇಳೆ ನೋಡಿ ಓಡುವುದಿಲ್ಲ.

ನಿಸರ್ಗದ ಕಲಿಕೆಗೆ ಇಂಗ್ಲಿಷೂ ಅಷ್ಟಾಗಿ ಬೇಕಿಲ್ಲ. ಮೈಸೂರಿನಲ್ಲಿ ನೆಲೆಯಿರುವ ನಿಸರ್ಗ ಸಂರಕ್ಷಣಾ ಸಂಸ್ಥೆಯೊಂದರ ಆಶ್ರಯದಲ್ಲಿ 'ಸೀಸನ್‌ವಾಚ್' ಎಂಬ ಕಾರ್ಯಕ್ರಮ ದೇಶದಾದ್ಯಂತ ನಡೆಯುತ್ತಿದೆ. ಮಾವೋ ಹಲಸೋ ಹುಣಸೆಯೋ, ಮನೆಯ ಬಳಿಯ ಒಂದು ಮರವನ್ನು ಆಯ್ದುಕೊಂಡು ವಾರಕ್ಕೊಮ್ಮೆ ಅದರ ಎದುರು ನಿಂತು ಚಿಗುರೆಷ್ಟು, ಹೂವೆಷ್ಟು, ಕಾಯೆಷ್ಟು ಎಂದು ನೋಡಿ ದಾಖಲಿಸಬೇಕು. ಸಾವಿರಾರು ಜನರ ಇಂಥ ದಾಖಲೆಗಳನ್ನು ಕೂಡಿಸಿ ವಿಜ್ಞಾನಿಗಳು ಋತುಗಳ ಪಲ್ಲಟವನ್ನು ಅಭ್ಯಸಿಸುತ್ತಾರೆ. ನಿತ್ಯವೂ ಪೂಜೆಗೆ ಪತ್ರೆ ಕೊಯ್ಯುವ ನಮ್ಮಲ್ಲಿ ಎಷ್ಟು ಜನ ಬಿಲ್ವದ ಹೂವನ್ನು ಕಂಡಿದ್ದೇವೆ?

ತತ್ತ್ವಶಾಸ್ತ್ರವೆಂದರೆ ಕಠಿಣವೆಂದು ಹಿಂಜರಿಯುವವರಿಗೆ ಹಾರ್ವರ್ಡಿನ ಮೈಕೆಲ್ ಸ್ಯಾಂಡಲ್ ಅವರ 'ನ್ಯಾಯ' ಎಂಬ ಉಪನ್ಯಾಸಮಾಲೆಯನ್ನು ತೋರಿಸುತ್ತೇನೆ. 2009ರಿಂದ ಅದು ಅಂತರ್ಜಾಲದಲ್ಲಿ ಉಚಿತವಾಗಿ ಸಿಗುತ್ತದೆ. ಮೊದಲ ಪಾಠ ಒಂದು ಕಥೆಯಿಂದ ಆರಂಭವಾಗುತ್ತದೆ. ತಡೆಯಿಲ್ಲದ ಬಂಡಿಯೊಂದು ಹಳಿಯ ಮೇಲೆ ಓಡುತ್ತಿದೆ. ಮುಂದೆ ಐವರು ಕೆಲಸಗಾರರಿದ್ದಾರೆ. ಪಕ್ಕದ ಹಳಿಗೆ ತಿರುಗಿಸಿದರೆ ಅಲ್ಲಿರುವ ಒಬ್ಬನು ಸಾಯುತ್ತಾನೆ. ತಿರುಗಿಸುವಿರಾ? ಸಭೆಯಲ್ಲಿ ಬಹುಪಾಲು ಕೈಗಳು ಮೇಲೇಳುತ್ತವೆ. ಹಾಗಾದರೆ ಸೇತುವೆಯ ಮೇಲೆ ನಿಂತಿರುವ ಸ್ಥೂಲಕಾಯದವನೊಬ್ಬನನ್ನು ಬಂಡಿಯ ಎದುರಿಗೆ ತಳ್ಳಿ ಆ ಐವರನ್ನು ಉಳಿಸುವಿರಾ? ಕೈಗಳು ಇಳಿಯುತ್ತವೆ. ಲೆಕ್ಕ ಒಂದೇ ಆಗಿರುವಾಗ ಮನಸ್ಸು ಏಕೆ ಬದಲಾಯಿತು ಎಂದು ಗುರುಗಳು ಕೇಳುತ್ತಾರೆ. ತಾವು ಉತ್ತರ ಹೇಳುವುದಿಲ್ಲ. ಕಳೆದ ವರ್ಷ ಇದನ್ನು ನಮ್ಮ ಮನೆಯಲ್ಲಿ ಪ್ರಸಾದದ ವೇಳೆಗೆ ಹೇಳಿದೆ. ಎಂಬತ್ತೆರಡು ವರ್ಷದ ನಮ್ಮ ಸೋದರತ್ತೆ ಅಕ್ಷರ ಕಲಿತವರಲ್ಲ. ಅವರು ಕೈಯಲ್ಲಿ ತುತ್ತು ಹಿಡಿದುಕೊಂಡೇ, "ಹಳಿ ತಿರುಗಿಸಾವ ಬಂಡಿ ನೋಡ್ಯಾನ, ತಳ್ಳಾವ ಮನುಷ್ಯಾನ್ನ ಮುಟ್ಯಾನ" ಎಂದರು. ಆ ಸಭಾಭವನದ ಹುಡುಗರು ಒಂದು ಗಂಟೆ ತಡಕಾಡಿದ್ದ ಅಂಶವನ್ನೇ ಅತ್ತೆ ಮುಟ್ಟಿದ್ದರು. ಈ ವಯಸ್ಸಿನವರಿಗೆ ತತ್ತ್ವ ತಿಳಿಯದೆಂದು ಯಾರು ಹೇಳಿದರು?

ಇಷ್ಟೆಲ್ಲ ಹೇಳಿದ ಮೇಲೆ ಕಷ್ಟಗಳನ್ನೂ ಮರೆಮಾಚದೆ ಹೇಳಬೇಕು. ಅಂತರ್ಜಾಲದ ಪಾಠವನ್ನು ಆರಂಭಿಸುವುದು ಸುಲಭ, ಮುಗಿಸುವುದು ಕಷ್ಟ. ಹಾರ್ವರ್ಡ್ ಮತ್ತು ಎಂ.ಐ.ಟಿ. ಸಂಸ್ಥೆಗಳು ತಮ್ಮ ಮೊದಲ 17 ಪಾಠಮಾಲೆಗಳ ಲೆಕ್ಕವನ್ನು 2014ರಲ್ಲಿ ಪ್ರಕಟಿಸಿದವು. ಒಟ್ಟು ನೋಂದಣಿಗಳು 8,41,687. ಕೊನೆ ಮುಟ್ಟಿ ಪ್ರಮಾಣಪತ್ರ ಪಡೆದದ್ದು 43,196. ನೂರಕ್ಕೆ ಐದು! ಹೆಸರು ಬರೆಯಿಸಿದ ಮೇಲೆ ಪಾಠವನ್ನು ತೆರೆದೇ ನೋಡದವರ ಸಂಖ್ಯೆಯೇ ಮೂರನೆಯ ಒಂದು ಭಾಗವಿತ್ತು. ಎಲ್ಲರೂ ಪ್ರಮಾಣಪತ್ರಕ್ಕೇ ಬಂದವರಲ್ಲ, ನಿಜ. ಆದರೂ ಈ ಅಂಕೆ ನನಗೆ ಆಶ್ಚರ್ಯ ತರಲಿಲ್ಲ. ಏಕೆಂದರೆ ನಾನೂ ಆ ತೊಂಬತ್ತೈದರ ಪೈಕಿ. 2021ರಲ್ಲಿ ಗ್ರೀಕ್ ತತ್ತ್ವಜ್ಞಾನದ ಪಾಠಮಾಲೆಯೊಂದಕ್ಕೆ ಉತ್ಸಾಹದಿಂದ ಸೇರಿ ಮೂರನೆಯ ವಾರಕ್ಕೆ ಕೈಬಿಟ್ಟೆ. ನನ್ನನ್ನು ಯಾರೂ ಮೆಟ್ಟಿಲ ಬುಡದಿಂದ ಕೂಗಿರಲಿಲ್ಲ. ಕೇಳುವವರಿಲ್ಲದ್ದರಿಂದಲೇ ಬಿಟ್ಟುಹೋಯಿತು. ಮರುವರ್ಷ ನೆರೆಮನೆಯ ನಿವೃತ್ತ ಬ್ಯಾಂಕ್ ಅಧಿಕಾರಿಯೊಬ್ಬರೊಡನೆ ಅದನ್ನೇ ಮತ್ತೆ ಹಿಡಿದೆ. ಪ್ರತಿ ಶನಿವಾರ ಸಂಜೆ ಅವರು ಬಂದು "ಈ ವಾರದ್ದು ಕೇಳಿದಿರೇನು?" ಎಂದು ವಿಚಾರಿಸುವರು. ಆ ಒಂದು ಪ್ರಶ್ನೆಗೆ ಅಂಜಿ ಪಾಠಮಾಲೆ ಮುಗಿಯಿತು.

ಎರಡನೆಯ ಕಷ್ಟ ಭಾಷೆಯದು. ಇತಿಹಾಸ, ಕಲೆ, ತತ್ತ್ವಗಳ ಒಳ್ಳೆಯ ಪಾಠಗಳು ಕನ್ನಡದಲ್ಲಿ ತೀರ ಕಡಿಮೆ. ಪರದೆಯ ಕೆಳಗೆ ಅಕ್ಷರಗಳನ್ನು ಮೂಡಿಸಿಕೊಳ್ಳಬಹುದು, ಮಾತಿನ ವೇಗ ತಗ್ಗಿಸಬಹುದು, ಹತ್ತು ಸಲ ಹಿಂದಕ್ಕೆ ಸರಿಸಿ ಕೇಳಿದರೂ ಈ ಮಾಸ್ತರರು ಸಿಟ್ಟಾಗುವುದಿಲ್ಲ. ಆದರೆ ಇಂಗ್ಲಿಷ್ ಬಾರದ ತಾಯಂದಿರಿಗೆ ಇದರಿಂದ ಏನೂ ಆಗುವುದಿಲ್ಲ. ಮೂರನೆಯದು ಹಣ. 'ಏಳು ದಿನ ಉಚಿತ' ಎಂದು ಹೇಳಿ, ಕಾರ್ಡಿನ ಸಂಖ್ಯೆ ಪಡೆದು, ಎಂಟನೆಯ ದಿನದಿಂದ ತಿಂಗಳು ತಿಂಗಳು ಹಣ ಕಡಿತ ಮಾಡುವ ವ್ಯವಹಾರಗಳಿವೆ. ಕಾರ್ಡಿನ ಸಂಖ್ಯೆ ಕೇಳುವ ಪಾಠವನ್ನು ಮನೆಯ ತಿಳಿದವರಿಗೆ ತೋರಿಸದೆ ಮುಂದುವರಿಸಬಾರದು. ಪ್ರಮಾಣಪತ್ರಕ್ಕೆ ದುಡ್ಡು ಕಟ್ಟುವ ಅಗತ್ಯವೂ ನಮ್ಮ ವಯಸ್ಸಿನವರಿಗಿಲ್ಲ; ಅದನ್ನು ಯಾರಿಗೆ ತೋರಿಸಬೇಕಾಗಿದೆ?

ಮೊದಲ ಎರಡು ಕಷ್ಟಗಳಿಗೆ ನಮ್ಮ ಸಮಾಜದ ಕೈಯಲ್ಲಿಯೇ ಪರಿಹಾರವಿದೆ. ಅಕ್ಕನ ಬಳಗ ಅನೇಕ ಊರುಗಳಲ್ಲಿ ಇದೆ. ವಾರಕ್ಕೊಮ್ಮೆ ಸೇರುತ್ತಾರೆ, ವಚನ ಹಾಡುತ್ತಾರೆ, ಪ್ರಸಾದ ಹಂಚುತ್ತಾರೆ. ಆ ಸಭೆಯಲ್ಲಿ ಮುಕ್ಕಾಲು ಗಂಟೆಯನ್ನು ಇದಕ್ಕೆ ಎತ್ತಿಡಬಾರದೇಕೆ? ಬಳಗದಲ್ಲಿ ಇಂಗ್ಲಿಷ್ ಬಲ್ಲ ನಿವೃತ್ತ ಶಿಕ್ಷಕಿ ಒಬ್ಬರಾದರೂ ಇದ್ದೇ ಇರುತ್ತಾರೆ. ವಾರದ ಪಾಠವನ್ನು ಅವರು ಮನೆಯಲ್ಲಿ ಕೇಳಿಕೊಂಡು ಬಂದು ಕನ್ನಡದಲ್ಲಿ ಹೇಳಲಿ. ಗಿಡಮರ ಬಲ್ಲ ಒಕ್ಕಲುತನದ ಮನೆಯ ತಾಯಿ ಅದನ್ನು ಹೇಳಲಿ. ಬೀಸುವ ಪದ, ಸೋಬಾನೆ ಪದ ಬಲ್ಲವರು ಅದನ್ನು ಹೇಳಲಿ. ಕೇಂಬ್ರಿಜ್ಜಿನವರು ಮಾಡಿದ್ದು ಇಷ್ಟೇ. ಮಠಗಳಿಗೂ ನನ್ನದೊಂದು ವಿನಯದ ಬಿನ್ನಹವಿದೆ. ಪ್ರವಚನಗಳನ್ನು ಅಂತರ್ಜಾಲಕ್ಕೆ ಏರಿಸುವ ಸಲಕರಣೆ ಇಂದು ಹಲವು ಮಠಗಳಲ್ಲಿದೆ, ಕಾಲೇಜುಗಳಲ್ಲಿ ಇತಿಹಾಸದ, ಸಸ್ಯಶಾಸ್ತ್ರದ, ತತ್ತ್ವಶಾಸ್ತ್ರದ ಪ್ರಾಧ್ಯಾಪಕರಿದ್ದಾರೆ. ಹತ್ತು ಪಾಠಗಳ ಒಂದು ಕನ್ನಡ ಮಾಲೆ — ಶಾಸನಗಳನ್ನು ಓದುವುದು ಹೇಗೆ ಎಂಬುದೇ ಆಗಲಿ — ಇವರೆಲ್ಲ ಕೂಡಿದರೆ ಒಂದು ಶ್ರಾವಣಮಾಸದಲ್ಲಿ ಸಿದ್ಧವಾದೀತು. ಅನ್ನದಾಸೋಹ ಮತ್ತು ಬಾಲಕರ ವಿದ್ಯಾದಾಸೋಹಗಳಲ್ಲಿ ನಮ್ಮ ಮಠಗಳು ನಾಡಿಗೇ ಮಾದರಿಯಾಗಿವೆ. ಆ ಬಾಲಕರ ತಾಯಂದಿರ ಪಾಲು ಇನ್ನೂ ಬಾಕಿಯಿದೆ.

ಇನ್ನು ಭಾವನವರಿಗೆ ಎರಡು ಮಾತು. ಹಿರಿಯರೇ, ತಾವು ಈ ಪತ್ರಿಕೆಯ ಚಂದಾದಾರರೆಂದು ಪತ್ರದಿಂದ ತಿಳಿಯಿತು. ಹಾಗಾಗಿ ತಾವೂ ಇದನ್ನು ಓದುತ್ತಿರಬಹುದು. ತಮ್ಮ ಮನೆಯ ಈ ತಾಯಿ ನಲವತ್ತು ವರ್ಷಗಳಿಗೂ ಹೆಚ್ಚು ಕಾಲ ತಮಗೂ ತಮ್ಮವರಿಗೂ ಮಧ್ಯಾಹ್ನದ ಚಹಾ ಕೊಟ್ಟಿದ್ದಾರೆ. ದಿನಕ್ಕೆ ನಲವತ್ತು ನಿಮಿಷ, ಆರು ವಾರ. ಅಷ್ಟು ದಿನ ಚಹಾ ಮೂರೂ ಮುಕ್ಕಾಲಕ್ಕೆ ಆಗಲಿ, ಅಥವಾ ಬೇರೆಯವರು ಮಾಡಲಿ. ಸಾಧ್ಯವಾದರೆ ರಾತ್ರಿ ಊಟದ ವೇಳೆಗೆ "ಇವತ್ತು ಏನು ಹೇಳಿದರು?" ಎಂದು ಒಮ್ಮೆ ಕೇಳಿ. ತಮ್ಮ ಒಂದು ಮಾತಿಗೆ ಮಹಡಿ ಹತ್ತುವುದನ್ನು ಬಿಟ್ಟವರು ತಮ್ಮ ಇನ್ನೊಂದು ಮಾತಿಗೆ ಮತ್ತೆ ಹತ್ತಿಯಾರು.

ಸಹೋದರಿ, ಲಿಂಗಪೂಜೆಯ ವೇಳೆಯನ್ನು ಯಾರೂ ಕಿತ್ತುಕೊಂಡಿಲ್ಲ. ಅದು ಬೆಳಗಿನದು, ಪಾಠ ಮಧ್ಯಾಹ್ನದ್ದು. ಬಿಟ್ಟುಹೋದ ನಾಲ್ಕು ವಾರಗಳ ಪಾಠಗಳು ಇನ್ನೂ ತೆರೆದಿವೆಯೇ ಎಂದು ಸೊಸೆಯನ್ನು ಕೇಳಿ. ಮುಚ್ಚಿದ್ದರೆ ಹೊಸ ತಂಡಕ್ಕೆ ಮತ್ತೆ ಹೆಸರು ಬರೆಯಿಸಿ. ಮೂರನೆಯ ವಾರದಿಂದ ಹಿಡಿಯಬೇಡಿ, ಮೊದಲನೆಯ ಪಾಠದಿಂದಲೇ ಕೇಳಿ. ಎರಡನೆಯ ಸಲ ಇಂಗ್ಲಿಷ್ ಹೆಚ್ಚು ತಿಳಿಯುತ್ತದೆ, ಇದು ನನ್ನ ಅನುಭವ. ನಿಮ್ಮ ಬಳಗದಲ್ಲಿ ಒಬ್ಬರನ್ನಾದರೂ ಜೊತೆಗೆ ಕರೆದುಕೊಳ್ಳಿ. ಪತ್ರದ ಅಂಚಿನಲ್ಲಿ, ಆಮೇಲೆ ನೆನಪಾದಂತೆ, ಇನ್ನೊಂದು ಪ್ರಶ್ನೆ ಕೇಳಿದ್ದೀರಿ: ಪಾಠ ಇಂಗ್ಲಿಷಿನಲ್ಲಿರುವಾಗ ಟಿಪ್ಪಣಿಯನ್ನು ಕನ್ನಡದಲ್ಲಿ ಬರೆದುಕೊಂಡರೆ ನಡೆಯುವುದೇ? ಧಾರಾಳವಾಗಿ ಬರೆಯಿರಿ. ಅಶೋಕನ ಶಾಸನಗಳ ಪಾಠ ಬಂದಾಗ ಅವುಗಳಲ್ಲಿ ಮಸ್ಕಿ, ಕೊಪ್ಪಳ, ಬ್ರಹ್ಮಗಿರಿಗಳ ಹೆಸರು ಬರುತ್ತದೆಯೇ ನೋಡಿ. ಬಂದರೆ ಆ ಪುಟದ ಒಂದು ಪ್ರತಿಯನ್ನು ನನಗೆ ಕಳುಹಿಸಿ. ನಿಮ್ಮ ಒಪ್ಪಿಗೆಯಿದ್ದರೆ, ಹೆಸರು ಹಾಕದೆ, ಇದೇ ಅಂಕಣದಲ್ಲಿ ಅದನ್ನು ಅಚ್ಚು ಹಾಕಿಸೋಣ.